ಊಹಿಸುವ ಮೊದಲೇ ಉತ್ತರ

ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರ ಮಾರ್ಚ್‌ನಲ್ಲಿ ಬಾಗಿಲು ತೆರೆದಾಗ ಮಂಗಳೂರು ಹಿಗ್ಗಿತು. ಹಿಗ್ಗಬೇಕಾದ್ದೇ. 18 ಮೀಟರ್ ಗುಮ್ಮಟದ ಕೆಳಗೆ 3ಡಿ ಕನ್ನಡಕ ಹಾಕಿ ಒರಗಿ ಕೂತ ಹೈಸ್ಕೂಲು ಮಕ್ಕಳಿಗೆ ಶನಿಯ ಬಳೆಗಳು ಕೈಗೆಟುಕುವಷ್ಟು ಹತ್ತಿರ ಬರುತ್ತವೆ. ಪುಸ್ತಕದ ಚಿತ್ರಕ್ಕೆ ಆ ತಾಕತ್ತಿಲ್ಲ. ಆದರೆ ಅಲ್ಲಿ ಮಕ್ಕಳಿಗಿರುವ ಕೆಲಸ ನೋಡುವುದೊಂದೇ.

ತಾರಾಲಯಕ್ಕೆ ಅದು ಒಪ್ಪುತ್ತದೆ, ತರಗತಿಗೆ ಒಪ್ಪುವುದಿಲ್ಲ. ಪೀನ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿದರೆ ಪೂರ್ಣ ಪ್ರತಿಬಿಂಬ ಬೀಳುತ್ತದೆಯೇ ಎಂಬ ಪ್ರಶ್ನೆ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ಅರ್ಧವೇ ಬೀಳುತ್ತದೆ ಎಂದು ವಾದಿಸಿ, ಗೋಡೆಯ ಮೇಲೆ ಎದುರಿನ ಕಿಟಕಿಯ ಪ್ರತಿಬಿಂಬ ಮಂಕಾದರೂ ಇಡಿಯಾಗಿ ಮೂಡಿದ್ದನ್ನು ಕಂಡವರು ಅದನ್ನು ಮರೆಯುವುದಿಲ್ಲ. ಸ್ಮಾರ್ಟ್ ಬೋರ್ಡಿನ ಅನಿಮೇಷನ್ ವಾದಕ್ಕೆ ಎಡೆಯನ್ನೇ ಕೊಡದೆ ಉತ್ತರ ಒಪ್ಪಿಸುತ್ತದೆ. ಪೋರ್ಷನ್ ಮುಗಿಸುವ ಧಾವಂತಕ್ಕೆ ಅದು ಅನುಕೂಲ, ಅಷ್ಟೇ.

ಜಿಯೋಜೀಬ್ರಾ ಬೇರೆ ಜಾತಿಯದು. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ ಶುರುಮಾಡಿದ ಈ ಗಣಿತ ತಂತ್ರಾಂಶಕ್ಕೆ ಶಾಲೆ ಕಾಸು ಕೊಡಬೇಕಿಲ್ಲ. ಎರಡು ಸಮಾಂತರ ರೇಖೆಗಳ ನಡುವಿನ ತ್ರಿಭುಜದ ಪಾದವನ್ನು ಹಾಗೇ ಬಿಟ್ಟು ಶೃಂಗವನ್ನು ಆಚೆ ತುದಿಗೆಳೆಯಿರಿ. ತ್ರಿಭುಜ ಸೊಟ್ಟಗಾಗಿ ಸಣಕಲಾಗುತ್ತದೆ, ವಿಸ್ತೀರ್ಣದ ಅಂಕಿ ಮಾತ್ರ ಕದಲುವುದಿಲ್ಲ. ಯಾಕೆ? ಸಾಧನೆಯ ಹಸಿವು ಅಲ್ಲಿ ಹುಟ್ಟುತ್ತದೆ. ಮೌಸ್ ಮೇಷ್ಟ್ರ ಕೈಯಲ್ಲೇ ಉಳಿದರೆ ಇದೂ ಇನ್ನೊಂದು ವಿಡಿಯೊ. 2016-17ರಲ್ಲಿ ಶುರುವಾದ ರಾಜ್ಯ ಸರ್ಕಾರದ ಟಾಲ್ಪ್ (ತಂತ್ರಜ್ಞಾನ ನೆರವಿನ ಕಲಿಕೆ) ಯೋಜನೆ ಶಿಕ್ಷಕರನ್ನೇ ತರಬೇತಿಗೆ ಕೂರಿಸಿದ್ದು ಸರಿಯಾದ ಹೆಜ್ಜೆ. ಕಲಿತದ್ದು ಮಕ್ಕಳ ಬೆರಳಿಗೆ ಇಳಿಯಬೇಕಾದರೆ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯಬೇಕು.

ಇನ್ನು ಪರದೆ ಬಿಟ್ಟು ಅಂಗಳಕ್ಕಿಳಿದರೆ ಶೂನ್ಯ ನೆರಳಿನ ದಿನವಿದೆ. ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಹನ್ನೆರಡೂವರೆಯ ಹೊತ್ತಿಗೆ ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಆಗ ಶಾಲೆಗಳಿಗೆ ರಜೆ. ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ ಬರುತ್ತದೆ, ನಮ್ಮ ಮಳೆಯ ಮೋಡ ಅದನ್ನೂ ನುಂಗುತ್ತದೆ. ಕ್ಯಾಲೆಂಡರಿಗೂ ಕರಾವಳಿಗೂ ಅಷ್ಟಕ್ಕಷ್ಟೆ!

ಆದರೆ ಶೂನ್ಯ ನೆರಳಿಗೇ ಕಾಯಬೇಕಿಲ್ಲ. ಡಿಸೆಂಬರಿನ ಒಂದು ದಿನ ಇಲ್ಲಿನ ಮಕ್ಕಳೂ ಬೆಂಗಳೂರಿನ ಮಕ್ಕಳೂ ಅಂಗಳದಲ್ಲಿ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳು ಅಳೆಯಲಿ. ಅಂಕಿಗಳು ವಾಟ್ಸಾಪಿನಲ್ಲಿ ಅದಲುಬದಲಾಗಿ ಸ್ಪ್ರೆಡ್‌ಶೀಟಿಗೆ ಇಳಿಯಲಿ. ಪರವಲಯದಂಥ ಎರಡು ವಕ್ರರೇಖೆಗಳು ಮೂಡುತ್ತವೆ. ಮಂಗಳೂರಿನದರ ತಳ, ಅಂದರೆ ಅತಿ ಗಿಡ್ಡ ನೆರಳಿನ ಹೊತ್ತು, ಸುಮಾರು 11 ನಿಮಿಷ ತಡ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಲೆಕ್ಕ ಹಾಕಿದರೆ ಎರಡು ಊರುಗಳ ರೇಖಾಂಶದ ಅಂತರ 2.75 ಡಿಗ್ರಿ. ಅಟ್ಲಾಸಿನಲ್ಲೂ ಅಷ್ಟೇ ಇದೆ. ಮಕ್ಕಳ ಅಳತೆಯಲ್ಲಿ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೆ, ಎಲ್ಲಿ ತಪ್ಪಿತು ಎಂಬ ಜಗಳಕ್ಕೆ ಮುಂದಿನ ಪೀರಿಯಡ್ ಬಿಟ್ಟುಕೊಡಬಹುದು.