ಹಾಲಿನ ಪ್ಯಾಕೆಟ್ಟಿನಲ್ಲಿ ಅಪ್ಪೆಮಿಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿತ್ತಿಲುಗಳ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕಸಿಯಷ್ಟು ನನಗೆ ಮೆಚ್ಚುಗೆಯಾದ ಕೈಕೆಲಸ ಬೇರೊಂದಿಲ್ಲ. ಖರ್ಚು ಇಲ್ಲವೆಂದೇ ಹೇಳಬೇಕು. ಮಳೆಗಾಲದ ಶುರುವಿಗೆ ಕಾಡುಮಾವಿನ ಗೊರಟನ್ನು ಒಣಗುವ ಮೊದಲೇ ಊರಬೇಕು. ಖಾಲಿ ಹಾಲಿನ ಪ್ಯಾಕೆಟ್ಟಿಗೆ ತೂತು ಹೊಡೆದು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದರಾಯಿತು. ನೆರಳಿಗೆ ಅಡಿಕೆ ಸೋಗೆ.

ಅಪ್ಪೆಯ ಗೊರಟನ್ನೇ ನೆಟ್ಟರೆ ತಾಯಿಮರದ ಪರಿಮಳ, ಸೊನೆ, ಹುಳಿ ಹಾಗೆಯೇ ಬರುವ ಖಾತ್ರಿಯಿಲ್ಲ. ಹಾಗಾಗಿ ಒಳ್ಳೆಯ ಮರದ ಪೆನ್ಸಿಲ್ ದಪ್ಪದ ಕುಡಿ ಆರಿಸಿ, ವಾರ ಮೊದಲೇ ಎಲೆ ಸವರಿ, ಮೊಗ್ಗು ಉಬ್ಬಿದಾಗ ಕೊಯ್ದು ತರುತ್ತಾರೆ. ಪ್ಯಾಕೆಟ್ಟಿನ ಕಾಡುಮಾವಿನ ಗಿಡದ ತಲೆ ಕತ್ತರಿಸಿ ನಡುವೆ ಸೀಳು. ಕುಡಿಯ ಬುಡವನ್ನು ಬೆಣೆಯಾಗಿ ಕೆತ್ತಿ ಅದರೊಳಗಿಡುವುದು. ತೊಗಟೆಗೆ ತೊಗಟೆ ಕೂಡಲೇಬೇಕು, ಎಲ್ಲ ಜಾಣ್ಮೆ ಅಲ್ಲಿದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಐಸ್‌ಕ್ಯಾಂಡಿಯ ಉದ್ದ ಕೊಟ್ಟೆ ಹೊದಿಸಿದರೆ ತೇವ ಆರದು. ಮೂರು ವಾರದ ಹೊತ್ತಿಗೆ ಚಿಗುರು.

1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಶರಾವತಿ ದಂಡೆಯ ಎಷ್ಟೋ ಕಾಡನ್ನು ನುಂಗಿದ ಸೀಮೆಯಿದು. ಇಂಥಲ್ಲಿ ಸಾಯುತ್ತಿರುವ ಅಪ್ಪೆಮರದ ಒಂದೇ ಹಸಿ ಕೊಂಬೆ ಸಿಕ್ಕರೂ ಕಸಿಯಿಂದ ಆ ತಳಿ ಹಲವು ಹಿತ್ತಿಲುಗಳಲ್ಲಿ ಉಳಿಯುತ್ತದೆ!

ಮುರುಗಲಿಗೂ (ಪುನರ್ಪುಳಿ) ಇದೇ ಉಪಾಯ. ಬೀಜದ ಸಸಿಗಳಲ್ಲಿ ಎಷ್ಟೋ ಗಂಡಾಗುತ್ತವೆ. ಹೆಣ್ಣುಮರದ ಕುಡಿ ಕಟ್ಟಿದರೆ ಆ ಚಿಂತೆಯಿಲ್ಲ. ಕುಡಿ ಮಾತ್ರ ನೆಟ್ಟಗೆ ಮೇಲೆದ್ದದ್ದಾಗಿರಬೇಕು, ಅಡ್ಡಕೊಂಬೆಯದಾದರೆ ಗಿಡವೂ ಅಡ್ಡಡ್ಡ ಹರಡುತ್ತದೆ.