ಕೊನೆಯ ‘ಇಲ್ಲ’ ಎಲ್ಲಿ ಹೋಯಿತು?

ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವವರಿಗೆ ಕಾಡಾನೆ ಎಲ್ಲಿದೆ ಎಂಬುದೇ ದಿನದ ಮೊದಲ ಸುದ್ದಿ. 2014ರ ಸುಮಾರಿಗೆ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ; ಆನೆಗಳಿರುವ ಜಾಗವನ್ನು ಮೊಬೈಲ್ ಸಂದೇಶದಲ್ಲಿ ತಿಳಿಸಿ ಎಚ್ಚರಿಸುವುದು ಇಲ್ಲಿ ಅನಿವಾರ್ಯವಾಯಿತು. ಇಂಥ ಪುಟ್ಟ, ತುರ್ತು ಸುದ್ದಿಯನ್ನು ಒರೆಗಲ್ಲಾಗಿ ಇಟ್ಟುಕೊಂಡರೆ, 1983ರ 4.2 ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಬಂದ, ಜಾಲದ ಮೂಲಕ ಸಂದೇಶ ಕಳಿಸುವ, ಪಡೆಯುವ ಸಾಕೆಟ್ ಫಂಕ್ಷನ್‌ಗಳ ಗುಣದೋಷ ನಿಚ್ಚಳವಾಗುತ್ತದೆ. ಪ್ರಶ್ನೆ ಇಷ್ಟೇ: ಫಂಕ್ಷನ್ ಹಿಂತಿರುಗಿಸುವ ಸಂಖ್ಯೆ ನಮ್ಮನ್ನು ಏನೆಂದು ನಂಬಿಸುತ್ತದೆ?

ತಲುಪುವ ಖಾತರಿ ಕೊಡದ ಯುಡಿಪಿ ವಿಧಾನದಲ್ಲಿ ಪ್ಯಾಕೆಟ್ ಕಳಿಸುವ ‘ಸೆಂಡ್‌ಟು’ 47 ಎಂದು ಹೇಳಿದರೆ, 47 ಬೈಟ್‌ಗಳನ್ನು ನಮ್ಮದೇ ಯಂತ್ರ ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ, ತಲುಪಿತೆಂದಲ್ಲ. ಇದನ್ನು ಕೊರತೆ ಎನ್ನುವವರು, ತಲುಪಿದ್ದಕ್ಕೆ ಸ್ವೀಕೃತಿ ಪಡೆಯುವ ಟಿಸಿಪಿ ವಿಧಾನವನ್ನು ಮುಂದಿಡುತ್ತಾರೆ. ಆದರೆ ಟಿಸಿಪಿಯ ಸ್ವೀಕೃತಿಯೂ ಆಚೆಯ ಯಂತ್ರದ್ದೇ ಹೊರತು ತೋಟದ ದಾರಿಯಲ್ಲಿರುವ ಮನುಷ್ಯನದಲ್ಲ. ಮೇಲಾಗಿ, ಕಳೆದುಹೋದ ಹಳೆಯ ಸುದ್ದಿ ಮತ್ತೆ ಬರುವ ತನಕ ಟಿಸಿಪಿ ಹೊಸದನ್ನು ತಡೆದಿಡುತ್ತದೆ. ಆನೆ ಹಳ್ಳ ದಾಟಿ ಹೋದ ಮೇಲೆ ಅದರ ಹಳೆಯ ಜಾಗ ಯಾರಿಗೆ ಬೇಕು? ಕಡಿಮೆ ಮಾತು ಕೊಟ್ಟು ಅಷ್ಟನ್ನೇ ನಡೆಸುವ ಸೆಂಡ್‌ಟು ಈ ವಿಷಯದಲ್ಲಿ ಪ್ರಾಮಾಣಿಕ.

ಅದರ ಜೋಡಿಯಾದ, ಪ್ಯಾಕೆಟ್ ಪಡೆಯುವ ‘ರಿಸೀವ್‌ಫ್ರಮ್’ ಹಾಗಲ್ಲ. ‘ತೋಟದಲ್ಲಿ ಆನೆ ಇಲ್ಲ’ ಎಂಬ ವಾಕ್ಯಕ್ಕೆ ಯುಟಿಎಫ್-8ರಲ್ಲಿ 47 ಬೈಟ್ ಬೇಕು. ಪಡೆಯುವವನು ಸಂದೇಶಕ್ಕೆಂದು ಕಾದಿರಿಸಿದ ಜಾಗ, ಅಂದರೆ ಬಫರ್, 34 ಬೈಟ್‌ನದಾದರೆ ಒಳಗೆ ಬರುವುದು ‘ತೋಟದಲ್ಲಿ ಆನೆ’. ಉಳಿದದ್ದು ಕಸದ ಪಾಲು. ಲಿನಕ್ಸ್‌ನಲ್ಲಿ ವಿಶೇಷವಾಗಿ ಕೇಳದ ಹೊರತು ಫಂಕ್ಷನ್ 34 ಎಂದು ಹೇಳಿ ಸುಮ್ಮನಾಗುತ್ತದೆ. ನಿಷೇಧವನ್ನು ವಾಕ್ಯದ ತುದಿಯಲ್ಲಿಡುವ ಕನ್ನಡದಲ್ಲಿ ಬಾಲ ಕತ್ತರಿಸಿದರೆ ಅರ್ಥವೇ ತಿರುವುಮುರುವು. ಬಫರ್ ದೊಡ್ಡದಿಡುವುದು ಪ್ರೋಗ್ರಾಮರನ ಹೊಣೆ, ಈ ಫಂಕ್ಷನ್‌ಗಳ ಸಿ ಭಾಷೆಯ ಜಾಯಮಾನವೇ ಅದು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಇದೇ ಗುಂಪಿನ ‘ರಿಸೀವ್‌ಮೆಸೇಜ್’ ಫಂಕ್ಷನ್ ಬಳಸಿದರೆ ತುಂಡಾದ ಗುರುತು ಸಿಗುವುದೂ ನಿಜ. ಆದರೆ ವಿಂಡೋಸ್‌ನಲ್ಲಿ ಇದೇ ರಿಸೀವ್‌ಫ್ರಮ್ ಇಂಥ ಸಂದರ್ಭದಲ್ಲಿ ದೋಷವನ್ನೇ ವರದಿ ಮಾಡುತ್ತದೆ. ಅಂದಮೇಲೆ ಮೌನ ಸಿ ಭಾಷೆಯ ಹಣೆಬರಹವಲ್ಲ, ವಿನ್ಯಾಸಕಾರರ ಆಯ್ಕೆ. ಪ್ಯಾಕೆಟ್ ಪೂರ್ತಿ ಕಳೆದುಹೋದರೆ ಸುದ್ದಿ ಬರಲಿಲ್ಲವೆಂದು ಜನ ಹುಷಾರಾಗಿಯಾದರೂ ಇರುತ್ತಾರೆ. ತುಂಡಾದದ್ದು ಇಡಿಯ ವೇಷದಲ್ಲಿ ಬಂದರೆ ಅನುಮಾನಿಸಲೂ ಕಾರಣ ಉಳಿಯುವುದಿಲ್ಲ.