ಹಾಸ್ಯರಸವೂ ವೇಷೌಚಿತ್ಯವೂ: ‘ಮಿಕಾಡೊ’ ಪ್ರಯೋಗ ವಿಚಾರ

ರಸಗಳಲ್ಲಿ ಹಾಸ್ಯವು ಎಲ್ಲರಿಗೂ ಸುಲಭವೆಂದು ತೋರುವುದು. ಪ್ರಯೋಗದಲ್ಲಾದರೋ ಅದರಷ್ಟು ಬೇಗನೆ ಕೆಡುವ ರಸವು ಬೇರೊಂದಿಲ್ಲ. ವಿಕೃತವಾದ ವೇಷವೂ ಮಾತೂ ನಡೆಯೂ ಹಾಸ್ಯಕ್ಕೆ ವಿಭಾವಗಳೆಂದು ಭರತಮುನಿಯು ಹೇಳಿರುವನು. ಆದರೆ ವೇಷವು ಯಾರದು, ನಗೆಯು ಯಾರ ಮೇಲೆ, ಎದುರಿಗೆ ಕುಳಿತ ಸಭಿಕರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಪರಸ್ಪರ ಹೊಂದುವ ಉತ್ತರವಿದ್ದಾಗಲೇ ಆ ರಸವು ಪರಿಪಾಕಕ್ಕೆ ಬರುವುದು. ಅಮೆರಿಕಾ ದೇಶದ ಕೆಲವು ನಗರಗಳ ನಾಟಕಸಂಘಗಳು ‘ಮಿಕಾಡೊ’ ಎಂಬ ಆಂಗ್ಲ ಹಾಸ್ಯಗೀತನಾಟಕವನ್ನು ಆಡಹೊರಟು ಎದುರಿಸಿದ ಸಂಕಟವು ಇದಕ್ಕೆ ಒಳ್ಳೆಯ ದೃಷ್ಟಾಂತವಾಗಿದೆ.

ಈ ಕೃತಿಯ ಸಾಹಿತ್ಯವು ಗಿಲ್ಬರ್ಟನದು, ಸಂಗೀತವು ಸಲಿವನ್ನನದು. 1885ನೆಯ ಮಾರ್ಚಿ 14ರಂದು ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ರಂಗವನ್ನೇರಿ, ಅಲ್ಲಿಯೇ 672 ಪ್ರಯೋಗಗಳನ್ನು ಕಂಡಿತು. ಕಥೆಯು ಜಪಾನಿನ ಟಿಟಿಪು ಎಂಬ ಕಲ್ಪಿತ ಪಟ್ಟಣದಲ್ಲಿ ನಡೆಯುವುದು. ಪರಸ್ತ್ರೀಯರೊಡನೆ ಸರಸವಾಡಿದವರಿಗೆ ಶಿರಚ್ಛೇದವೆಂದು ಚಕ್ರವರ್ತಿಯ ಕಟ್ಟಳೆ. ಆ ಅಪರಾಧಕ್ಕಾಗಿಯೇ ಸಿಕ್ಕಿಬಿದ್ದ ಕೋ-ಕೋ ಎಂಬ ದರ್ಜಿಯನ್ನು ಊರಿನವರು ವಧಾಧಿಕಾರಿಯನ್ನಾಗಿ ನೇಮಿಸುವರು. ಸರದಿಯಲ್ಲಿ ಮೊದಲಿಗನಾದ ಇವನು ತನ್ನ ತಲೆಯನ್ನು ತಾನೇ ಕಡಿದುಕೊಳ್ಳುವವರೆಗೆ ಮತ್ತೊಬ್ಬರ ತಲೆಗೆ ಅಪಾಯವಿಲ್ಲವೆಂಬುದು ಅವರ ತರ್ಕ. ಉಳಿದ ಅಧಿಕಾರಗಳೆಲ್ಲವೂ ಪೂ-ಬಾ ಎಂಬೊಬ್ಬನಲ್ಲಿಯೇ ಸೇರಿರುವುವು. ಸಂಬಳಗಳನ್ನೆಲ್ಲ ಒಟ್ಟಾಗಿ ಪಡೆಯುವ ಈ ಮಹಾಶಯನು ಸಲಹೆ ಕೇಳಿದರೆ ಕೋಶಾಧಿಕಾರಿಯಾಗಿ ಒಂದು ಮಾತನ್ನೂ ನ್ಯಾಯಾಧೀಶನಾಗಿ ಅದಕ್ಕೆ ವಿರುದ್ಧವಾದ ಮತ್ತೊಂದನ್ನೂ ಆಡುವನು.

ಇಷ್ಟರಿಂದಲೇ ಟಿಟಿಪು ಜಪಾನಿನಲ್ಲಿಲ್ಲ, ಲಂಡನ್ನಿನಲ್ಲಿಯೇ ಇದೆಯೆಂಬುದು ಸಹೃದಯರಿಗೆ ತಿಳಿಯುವುದು. ಗಿಲ್ಬರ್ಟನು ನಕ್ಕದ್ದು ತನ್ನ ನಾಡಿನ ಅಧಿಕಾರಿವರ್ಗವನ್ನು. ಅದೇ ವರ್ಷ ಲಂಡನ್ನಿನ ನೈಟ್ಸ್‌ಬ್ರಿಜ್ಜಿನಲ್ಲಿ ಜಪಾನೀ ಗ್ರಾಮವೊಂದರ ಪ್ರದರ್ಶನವಿದ್ದು, ಅಲ್ಲಿಯವರಿಂದ ನಟನಟಿಯರಿಗೆ ನಡಿಗೆ, ಬೀಸಣಿಗೆಯ ಬಳಕೆ ಮೊದಲಾದುವನ್ನು ಕಲಿಸಲಾಯಿತು. ಮಹೇಂದ್ರವರ್ಮನ ‘ಮತ್ತವಿಲಾಸ ಪ್ರಹಸನ’ವನ್ನು ಇದಕ್ಕೆ ಹೋಲಿಸಿ ನೋಡಬೇಕು. ಪಲ್ಲವರಾಜನು ತನ್ನ ಕಂಚಿಯ ಬೀದಿಯಲ್ಲಿಯೇ, ಆ ಊರಿನ ವೇಷಗಳಲ್ಲಿಯೇ ನಗೆಯನ್ನು ಹುಟ್ಟಿಸಿದನು. ಗಿಲ್ಬರ್ಟನಾದರೋ ನಗೆಯನ್ನು ಮನೆಯಲ್ಲಿಟ್ಟು ವೇಷವನ್ನು ಪರರಿಂದ ಕಡ ತಂದನು. ಕಡ ತಂದ ವಸ್ತುವಿಗೆ ಒಡೆಯನಿದ್ದಾನೆಂಬುದು 1907ರಲ್ಲಿಯೇ ಗೋಚರವಾಯಿತು. ಆ ವರ್ಷ ಜಪಾನಿನ ರಾಜಕುಮಾರ ಫುಶಿಮಿಯು ಇಂಗ್ಲೆಂಡಿಗೆ ಬಂದಾಗ, ಅತಿಥಿಯ ಮನಸ್ಸು ನೊಂದೀತೆಂದು ಸರಕಾರದವರು ಈ ನಾಟಕದ ಪ್ರಯೋಗಗಳನ್ನು ಕೆಲಕಾಲ ನಿಲ್ಲಿಸಿದರು.

ಅತಿಥಿಯು ಹಿಂದಿರುಗಬಹುದು; ಸಭಿಕರೇ ಆ ವಂಶದವರಾದರೆ ಏನು ಗತಿ? ಸಿಯಾಟಲ್ ನಗರದ ಗಿಲ್ಬರ್ಟ್-ಸಲಿವನ್ ಸಂಘವು 2014ರಲ್ಲಿ ಈ ನಾಟಕವನ್ನಾಡಿದಾಗ ಎದ್ದ ಪ್ರಶ್ನೆ ಇದೇ. ಜಪಾನೀಯರ ಪಾತ್ರಗಳೆಲ್ಲವನ್ನೂ ಅನ್ಯರೇ ವಹಿಸಿರುವರೆಂದು ಆ ಊರಿನ ಪತ್ರಿಕೆಯಲ್ಲಿ ತೀವ್ರವಾದ ಆಕ್ಷೇಪಣೆಯು ಪ್ರಕಟವಾಯಿತು. ಆ ಸೀಮೆಯ ಜಪಾನೀ ಮೂಲದ ಕುಟುಂಬಗಳನ್ನು 1942ರಲ್ಲಿ ಮನೆಮಾರುಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಯಾವ ಮುಖಚರ್ಯೆಯ ದೆಸೆಯಿಂದ ಹಿರಿಯರು ಬಂಧನವನ್ನನುಭವಿಸಿದರೋ ಆ ಚರ್ಯೆಯನ್ನೇ ಬಣ್ಣದಿಂದ ಬರೆದುಕೊಂಡು ಕುಣಿದರೆ, ಮೊಮ್ಮಕ್ಕಳಿಗೆ ಅದು ಹಾಸ್ಯವಿಭಾವವಾಗಲಾರದು. ನಮಗೆ ದುರುದ್ದೇಶವಿಲ್ಲವೆಂಬ ಸಮಾಧಾನವು ಇಲ್ಲಿ ಸಾಲದು. ಕವಿಯ ಉದ್ದೇಶವು ಎಷ್ಟು ನಿರ್ಮಲವಾಗಿದ್ದರೂ ರಸವು ಫಲಿಸಬೇಕಾದದ್ದು ಸಭಿಕನ ಹೃದಯದಲ್ಲಿ.

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಕಲಹವು ಹೊಸತಲ್ಲ. ಇಂದ್ರಧ್ವಜದ ಉತ್ಸವದಲ್ಲಿ ಆಡಿದ ಮೊದಲ ನಾಟಕದಲ್ಲಿಯೇ ತಮ್ಮ ಸೋಲನ್ನು ಕಂಡ ದೈತ್ಯರು ಮುನಿದು ನಟರ ಮಾತನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಇಂದ್ರನು ಜರ್ಜರವೆಂಬ ದಂಡವನ್ನೆತ್ತಿ ಹೊಡೆದನು. ವಿಘ್ನಗಳು ಅಷ್ಟಕ್ಕೇ ತೀರಲಿಲ್ಲ. ಕೊನೆಗೆ ಬ್ರಹ್ಮನು ಸಾಮೋಪಾಯವನ್ನು ಹಿಡಿದು, ನಾಟ್ಯವು ದೇವತೆಗಳಿಗೆಂತೋ ದೈತ್ಯರಿಗೂ ಅಂತೆಯೇ, ಅದು ಮೂರು ಲೋಕಗಳ ಅನುಕೀರ್ತನವೆಂದು ತಿಳಿಯಹೇಳಿದನು. ಅವನು ನಾಟಕವನ್ನು ನಿಷೇಧಿಸಲಿಲ್ಲ, ನೊಂದವರನ್ನು ಅರಸಿಕರೆಂದು ಜರೆಯಲೂ ಇಲ್ಲ.

ಈ ಸಾಮಮಾರ್ಗವನ್ನು ಎರಡು ಸಂಘಗಳು ಎರಡು ಬಗೆಯಾಗಿ ಹಿಡಿದುವು. ಸಾನ್‌ಫ್ರಾನ್ಸಿಸ್ಕೋ ನಗರದ ಲ್ಯಾಂಪ್‌ಲೈಟರ್ಸ್ ಸಂಘದವರು 2016ರಲ್ಲಿ ಕಥೆಯನ್ನು ಇಟಲಿಯ ಹಳೆಯ ಮಿಲಾನಿಗೆ ಸಾಗಿಸಿದರು. ವಧಾಧಿಕಾರಿಯ ತರ್ಕಕ್ಕೂ ಪೂ-ಬಾನ ಲೋಭಕ್ಕೂ ಮಿಲಾನಿನಲ್ಲಿ ಯಾವ ಕೊರತೆಯೂ ಇಲ್ಲ. ನಗೆಯು ವೇಷಕ್ಕೆ ಅಂಟಿರಲಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಚಕ್ರವರ್ತಿಯ ಪ್ರವೇಶಕ್ಕೆ ಸಲಿವನ್ನನು ಜಪಾನಿನ ಸೈನಿಕಗೀತವೊಂದನ್ನೇ ಅಳವಡಿಸಿದ್ದನು. ಇಟಲಿಯ ಒಡ್ಡೋಲಗದಲ್ಲಿ ಅದಕ್ಕೆ ಆಧಾರವೆಲ್ಲಿ? ಈ ಮಾರ್ಗದಲ್ಲಿ ಅಷ್ಟರ ಮಟ್ಟಿನ ನಷ್ಟವು ಅನಿವಾರ್ಯ.

ನ್ಯೂಯಾರ್ಕಿನ ಗಿಲ್ಬರ್ಟ್-ಸಲಿವನ್ ಮಂಡಳಿಯು 2015ರಲ್ಲಿ ಗೊತ್ತಾಗಿದ್ದ ಪ್ರಯೋಗವನ್ನು ಆಕ್ಷೇಪಣೆಗಳ ಕಾರಣ ಕೈಬಿಟ್ಟು, ಮರುವರ್ಷ ಹೊಸ ರೂಪದಲ್ಲಿ ಆಡಿತು. ಅದರಲ್ಲಿ ಗಿಲ್ಬರ್ಟ್ ಸಲಿವನ್ನರನ್ನೇ ರಂಗಕ್ಕೆ ತರುವ ಪೂರ್ವದೃಶ್ಯವೊಂದನ್ನು ಸೇರಿಸಿ, ಮುಂದಿನ ಟಿಟಿಪುವೆಲ್ಲ ಆಂಗ್ಲ ಕವಿಯೊಬ್ಬನ ಕಲ್ಪನೆಯೆಂದು ಸ್ಪಷ್ಟಪಡಿಸಿದರು. ಸಂಸ್ಕೃತ ರೂಪಕಗಳ ಪ್ರಸ್ತಾವನೆಯನ್ನು ಬಲ್ಲವರಿಗೆ ಇದರ ಯುಕ್ತತೆಯನ್ನು ವಿವರಿಸಬೇಕಾಗಿಲ್ಲ. ಸೂತ್ರಧಾರನು ಮೊದಲು ನಿಜರೂಪದಲ್ಲಿ ಬಂದು ನಿಂತರೆ, ಮುಂದೆ ತೊಡುವ ವೇಷವು ವೇಷವೆಂದೇ ತಿಳಿಯುವುದು. ಕಡ ತಂದವನು ಕಡವೆಂದು ಒಪ್ಪಿದ ಮೇಲೆ ನಗೆಯು ತಾನಾಗಿ ಅವನ ಮನೆಗೆ ಹಿಂದಿರುಗುವುದು. ಸಂಗೀತವನ್ನೂ ಕಥಾಸ್ಥಾನವನ್ನೂ ಉಳಿಸಿಕೊಂಡು ಸಭಿಕರ ಗೌರವವನ್ನೂ ಕಾಯಬಲ್ಲ ಈ ಮಾರ್ಗವೇ ಎರಡರಲ್ಲಿ ಶ್ರೇಷ್ಠವೆನ್ನಬೇಕು.

ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಸಾರಿದನು. ಔಚಿತ್ಯವೆಂದರೆ ಅಂಜಿಕೆಯಿಂದ ಕೃತಿಯ ಬಾಯನ್ನು ಕಟ್ಟುವುದಲ್ಲ. ಊರಿನ ಸಂಘವೊಂದು ಹಳೆಯ ಕೃತಿಯನ್ನು ಎತ್ತಿಕೊಂಡಾಗ ಕವಿಗೆ ಸಲ್ಲಬೇಕಾದದ್ದು ಒಂದುಂಟು, ನೆರೆಯವರಿಗೆ ಸಲ್ಲಬೇಕಾದದ್ದು ಇನ್ನೊಂದುಂಟು. ಎರಡನ್ನೂ ತೀರಿಸಿದ ರಂಗದ ಮೇಲೆ ಪೂ-ಬಾ ಬಂದು ತನ್ನ ಸಂಬಳಗಳನ್ನು ಎಣಿಸತೊಡಗಿದರೆ, ಪೂರ್ವದವರೂ ಪಶ್ಚಿಮದವರೂ ತಮ್ಮ ತಮ್ಮ ಊರಿನ ಅಧಿಕಾರಿಯನ್ನು ನೆನೆದು ಒಟ್ಟಿಗೆ ನಗಬಹುದು.